ಹತ್ತಿರದ ಗೆರೆ

"ಗುರುಗಳೇ, ಒಬ್ಬ ಮನುಷ್ಯನ ಒಳಗನ್ನು ಕಣ್ಣಾರೆ ಕಂಡ ಮೇಲೂ ಅವನೊಡನೆ ಸಂಬಂಧ ಇಟ್ಟುಕೊಳ್ಳಬೇಕೇ?" ಎಂದು ಶಿಷ್ಯ ವಿರೂಪಾಕ್ಷ ಕೇಳಿದ.

ಅವನ ತಾಯಿ ತೀರಿಕೊಂಡಿದ್ದರು. ಅವನು ಊರು ಮುಟ್ಟುವ ಮೊದಲೇ ಅಣ್ಣ ಮಣ್ಣು ಮಾಡಿ ಮುಗಿಸಿದ್ದ. ವಿರೂಪಾಕ್ಷ ನೇರವಾಗಿ ಅಣ್ಣನ ಮನೆಗೆ ಹೋಗಿ, ತನಗಾಗಿ ಏಕೆ ಕಾಯಲಿಲ್ಲವೆಂದು ಕೇಳಿದ್ದ. ಅಣ್ಣನ ಬಾಯಿಂದ ವಿಷದಂಥ ಮಾತೇ ಬಂದಿತ್ತು. ಇನ್ನು ಆ ಮನೆಗೆ ಕಾಲಿಡುವುದಿಲ್ಲವೆಂದು ನಿಶ್ಚಯಿಸಿ, ಗುರುಗಳ ಒಪ್ಪಿಗೆಗಾಗಿ ಮಾತ್ರ ಬಂದಿದ್ದ.

"ಒಳಗನ್ನು ಕಂಡುಬಿಟ್ಟೆಯಾ? ಭಾರೀ ಕಣ್ಣು ಕಣಪ್ಪಾ ನಿನ್ನದು" ಎಂದರು ಗುರುಗಳು. "ಕೂತುಕೋ" ಎಂದು ಒಂದು ಕಥೆ ಹೇಳತೊಡಗಿದರು.

ಕಡಲಂಚಿನಲ್ಲಿ ಒಂದು ಊರಿತ್ತು. ಅಲ್ಲಿಯ ಬಾವಿಗಳಲ್ಲೆಲ್ಲ ಉಪ್ಪುನೀರು. ಬಹಳ ಆಳದಲ್ಲಿ ಸಿಹಿನೀರಿನ ಪದರ ಇರಬಹುದೆಂದು ಯಾರೋ ಹೇಳಿದರು. ಒಮ್ಮೆ ಕೊರೆಸಿ ನೋಡುವುದು, ಸಿಹಿನೀರು ಇದ್ದರೆ ಉಳಿಯುವುದು, ಇಲ್ಲದಿದ್ದರೆ ಊರನ್ನೇ ಬಿಡುವುದು ಎಂದು ಜನ ತೀರ್ಮಾನಿಸಿದರು.

ಅಷ್ಟು ಆಳಕ್ಕೆ ಕೊರೆಯುವಾಗ ಮಣ್ಣು ಕಲಸಿದ ನೀರನ್ನು ಒಳಗೆ ಬಿಡುತ್ತಲೇ ಇರಬೇಕು. ಇಲ್ಲವಾದರೆ ರಂಧ್ರ ಕುಸಿಯುತ್ತದೆ. ಆ ಊರಿನಲ್ಲಿ ಸಿಹಿನೀರನ್ನು ಎಲ್ಲಿಂದ ತರಬೇಕು? ಕಡಲ ನೀರಿನಲ್ಲೇ ಮಣ್ಣು ಕಲಸಿ ಕೊರೆದರು.

ಆಮೇಲೆ ನೆಲದೊಳಗಿನದನ್ನು ಓದುವವನೊಬ್ಬ ಬಂದ. ಕಲಿತವನು, ಕೆಲಸದಲ್ಲಿ ಶ್ರದ್ಧೆಯುಳ್ಳವನು. ತಂತಿಗೆ ಕಟ್ಟಿದ ಉಪಕರಣವನ್ನು ತಳದವರೆಗೆ ಇಳಿಸಿ ಮೆಲ್ಲಗೆ ಮೇಲೆಳೆದ. ಉಪ್ಪುನೀರಿನಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ, ಸಿಹಿನೀರಿನಲ್ಲಿ ತಡೆದು ತಡೆದು ಹರಿಯುತ್ತದೆ. ಆ ತಡೆಯನ್ನು ಉಪಕರಣ ಕಾಗದದ ಮೇಲೆ ಎರಡು ಗೆರೆಗಳಾಗಿ ಬರೆಯುತ್ತದೆ. ಒಂದು ಗೆರೆ ರಂಧ್ರದ ಗೋಡೆಯಿಂದ ಗೇಣು ದೂರದಲ್ಲಿ ಇರುವುದನ್ನು ಹೇಳುತ್ತದೆ. ಇನ್ನೊಂದು ಅದರಾಚೆ, ಕಲ್ಲಿನ ಒಳಗೆ ದೂರದಲ್ಲಿ ಇರುವುದನ್ನು ಹೇಳುತ್ತದೆ.

ಹತ್ತಿರದ ಗೆರೆ ಉಪ್ಪು ಎಂದಿತು. ದೂರದ್ದು ಸಿಹಿ ಎಂದಿತು. ಹತ್ತಿರದ ಗೆರೆ ಸ್ಪಷ್ಟವಾಗಿತ್ತು, ತೆಳ್ಳನೆಯ ಪದರವನ್ನೂ ಬಿಡಿಸಿ ತೋರಿಸುತ್ತಿತ್ತು. ದೂರದ್ದು ಮಸುಕಾಗಿತ್ತು. ಅವನು ಸ್ಪಷ್ಟವಾದದ್ದನ್ನು ನಂಬಿದ. ಇನ್ನೊಂದರಲ್ಲಿ ಏನೋ ದೋಷವಿರಬೇಕು ಎಂದುಕೊಂಡ.

ಒಬ್ಬ ಮುದುಕಿ ಹತ್ತಿರ ಬಂದು, "ಅಷ್ಟು ಆಳದಲ್ಲೂ ಉಪ್ಪೇ ಏನಪ್ಪಾ?" ಎಂದು ಕೇಳಿದಳು.

"ಉಪ್ಪೇ, ತಾಯಿ. ನಾನೇ ನೋಡಿದ್ದೇನೆ" ಎಂದ.

ಅವನು ಸುಳ್ಳು ಹೇಳಲಿಲ್ಲ. ನನಗೆ ಸಂಕಟವಾಗುವುದು ಅದಕ್ಕೇ. ರಂಧ್ರಕ್ಕೆ ಸಿಮೆಂಟು ಸುರಿದು ಮುಚ್ಚಿದರು. ಜನ ಗಂಟುಮೂಟೆ ಕಟ್ಟಿದರು.

ಮರುವರ್ಷ ಅವನು ಇನ್ನೊಂದು ಊರಿಗೆ ಹೋದ. ಅಲ್ಲಿ ಕೆರೆಯ ಸಿಹಿನೀರಿನಲ್ಲಿ ಮಣ್ಣು ಕಲಸಿ ಕೊರೆದಿದ್ದರು. ಹತ್ತಿರದ ಗೆರೆ ಸಿಹಿ ಎಂದಿತು. ದೂರದ್ದು ಉಪ್ಪು ಎಂದಿತು. ಅವನು ಮತ್ತೆ ಹತ್ತಿರದ್ದನ್ನೇ ನಂಬಿ, ನೀರೆತ್ತಿ ಎಂದ. ಮೊದಲು ಸಿಹಿನೀರು ಬಂತು, ಜನ ಹಿಗ್ಗಿದರು. ಆಮೇಲೆ ಉಪ್ಪು ಬಂತು. ಮತ್ತೆ ಎಷ್ಟು ಎತ್ತಿದರೂ ಉಪ್ಪೇ ಬಂತು.

ಆಗ ಅವನಿಗೆ ತನ್ನ ತಪ್ಪು ಹೊಳೆಯಿತು. ಕೊರೆಯುವವರು ಸುರಿದ ನೀರು ಗೋಡೆಯೊಳಕ್ಕೆ ಇಳಿದು, ಅಲ್ಲಿದ್ದ ಮೂಲದ ನೀರನ್ನು ಹಿಂದಕ್ಕೆ ತಳ್ಳುತ್ತದೆ. ಹತ್ತಿರದ ಗೆರೆ ಹೇಳುವುದು ಆ ಸುರಿದ ನೀರಿನ ಸುದ್ದಿ. ಇದನ್ನು ಅವನು ಕಲಿಯುವಾಗಲೇ ಓದಿದ್ದ. ಕಣ್ಣಿಗೆ ನಿಚ್ಚಳವಾಗಿ ಕಂಡದ್ದರ ಮುಂದೆ ಓದಿದ್ದು ಮರೆತುಹೋಗಿತ್ತು.

ಕಡಲಂಚಿನ ಊರಿಗೆ ಓಡಿದ. ಮುಚ್ಚಿದ ರಂಧ್ರದ ಪಕ್ಕದಲ್ಲೇ ಮತ್ತೆ ಕೊರೆಸಿದ. ನೀರೆತ್ತಿದಾಗ ಮೊದಲು ಉಪ್ಪು ಬಂತು. ಈ ಸಲ ಅವನು ನಿಲ್ಲಿಸಗೊಡಲಿಲ್ಲ. ತಾವು ಸುರಿದದ್ದೆಲ್ಲ ಹೊರಗೆ ಹೋಗುವವರೆಗೂ ಎತ್ತಿಸಿದ. ಕೊನೆಗೆ ಎಳನೀರಿನಂಥ ನೀರು ಬಂತು. ಊರು ಬಿಟ್ಟವರಿಗೆ ಹೇಳಿ ಕಳುಹಿಸಿದ, ಕೆಲವರು ಮರಳಿದರು. ಆ ಮುದುಕಿ ಬರಲಿಲ್ಲ. ಹೋದ ಊರಿನಲ್ಲೇ ತೀರಿಕೊಂಡಿದ್ದಳು.

ಗುರುಗಳು ಮಾತು ನಿಲ್ಲಿಸಿದರು. ವಿರೂಪಾಕ್ಷ ತಲೆಯೆತ್ತಿ, "ನಾನು ಅಣ್ಣನ ಎದುರಿಗೇ ನಿಂತು ಅವನ ಬಾಯಿಂದಲೇ ಕೇಳಿದ್ದೇನೆ, ಗುರುಗಳೇ" ಎಂದ.

"ಕೇಳಿರಬಹುದು. ಅವನು ಬಾಯಿ ತೆರೆಯುವ ಮೊದಲು ನೀನು ಏನೆಂದೆ?"