ಬಾಗಿಲಲ್ಲೇ ಹಿಡಿದ ಕೆಂಚ

ಚೌಡಮ್ಮ ಅಂತ ಒಬ್ಳಿದ್ಲು. ಅವಳಿಗೊಬ್ಬನೇ ಮಗ, ಕೆಂಚ. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ಅವನ ಕಾಯಿಲೆ! "ಅಯ್ಯೋ, ನಿಂಗೆ ಯಾರಪ್ಪಾ ಕೆಲಸ ಕೊಡ್ತಾರೆ?" ಅಂತ ದಿನಾ ಹಣೆ ಚಚ್ಕೊಳೋಳು.

ಕೊನೆಗೆ ಪಂಪ್‌ಸೆಟ್ ಕಂಪ್ನಿ ಯಜಮಾನ್ರು ಷಡಕ್ಷರಪ್ಪನ ಕೈಕಾಲು ಹಿಡಿದು ಕಂಪ್ಯೂಟರ್ ನೋಡ್ಕೊಳೋ ಕೆಲಸ ಕೊಡಿಸಿದ್ಲು. ಆಫೀಸಿಗೆ ಬರೋ ಇ-ಮೇಲೆಲ್ಲಾ ಮೊದ್ಲು ಸರ್ವರ್ ಅನ್ನೋ ದೊಡ್ಡ ಕಂಪ್ಯೂಟರ್‌ಗೆ ಬಂದು, ಆಮೇಲೆ ಎಲ್ಲರ ಕಂಪ್ಯೂಟರ್‌ಗೆ ಹೋಗೋದು.

"ಕಳ್ಳ ಮೇಲು, ವೈರಸ್ಸು ಹಿಡಿಯೋ ಸಾಫ್ಟ್‌ವೇರ್ ಹಾಕೋ. ಸರಿಯಾಗಿ ಹಿಡಿದ್ರೆ ಯುಗಾದಿಗೆ ಕೆಲಸ ಖಾಯಂ!" ಅಂದ್ರು ಷಡಕ್ಷರಪ್ಪ.

ಕೆಂಚ ಹಾಕ್ದ. ಎಲ್ಲಿ? ಇ-ಮೇಲೆಲ್ಲಾ ಹಂಚಿ ಆದ್ಮೇಲೆ, ಕಟ್ಟಕಡೇಲಿ! ವೈರಸ್ಸೇನೋ ಸಿಕ್ತು. ಅಷ್ಟೊತ್ತಿಗೆ ಕಂಪ್ಯೂಟರೆಲ್ಲಾ ಮಕಾಡೆ ಮಲಗಿದ್ವು.

"ಲೋ ಪೆದ್ದೇ!" ಚೌಡಮ್ಮ ಬೈದ್ಲು. "ಅಕ್ಕೀಲಿ ಕಲ್ಲು ಆರಿಸೋದು ಅನ್ನ ಎಲೆಗೆ ಬಿದ್ಮೇಲೇನೋ? ಬಾಗಿಲಲ್ಲೇ ಹಿಡೀಬೇಕು! ಗುರುತಿಲ್ಲದೋರನ್ನ ಒಳಗೆ ಬಿಡ್ಬೇಡ!"

"ಆಗ್ಲಿ ಕಣವ್ವ!"

ಸಾಫ್ಟ್‌ವೇರನ್ನ ಸರ್ವರ್ ಮುಂದಕ್ಕೆ ತಂದ. ಪಂಪ್ ಬೇಕು ಅಂತ ಹೊಸ ಗಿರಾಕಿ ಬರೆದ್ರು. ಗುರುತಿಲ್ಲ, ಹೋಗು! ಇನ್ನೊಬ್ರು ಬರೆದ್ರು. ಗುರುತಿಲ್ಲ, ಹೋಗು! ಒಂದು ಆರ್ಡರೂ ಇಲ್ಲ.

"ಲೋ ಪೆದ್ದೇ!" ಷಡಕ್ಷರಪ್ಪ ಕೂಗಾಡಿದ್ರು. "ಹೊಸ ಗಿರಾಕಿ ಗುರುತು ನಿಂಗೆಲ್ಲಿಂದ ಬರುತ್ತೋ? ಒಳಗೇನಿದೆ ಅಂತ ನೋಡ್ಬೇಕು!"

"ಆಗ್ಲಿ ಸಾರ್!"

ಬಂದಿದ್ದನ್ನೆಲ್ಲಾ ಬಿಚ್ಚಿಬಿಚ್ಚಿ ನೋಡ್ದ. ವೈರಸ್ಸನ್ನೂ ಬಿಚ್ಚಿ ನೋಡ್ದ! ಈ ಸಲ ಸರ್ವರೇ ಮಲಗ್ತು.

"ಅಯ್ಯೋ, ಹಾವಿನ ಬುಟ್ಟಿಗೆ ಕೈ ಹಾಕಿ ನೋಡ್ತಾರೇನೋ?" ಷಡಕ್ಷರಪ್ಪ ತಲೆ ಮೇಲೆ ಕೈ ಹೊತ್ರು. "ಕೇಳಿಲ್ಲಿ, ಇದೇ ಕೊನೆ. 'ಅಭಿನಂದನೆ, ನಿಮ್ಮ ಅದೃಷ್ಟ ಖುಲಾಯಿಸ್ತು' ಅಂತ ಬರೋನು ಕಳ್ಳ. ಅವನು ಯಾರೇ ಆಗಿರ್ಲಿ, ಬಾಗಿಲಲ್ಲೇ ಎತ್ತಿ ಆಚೆ ಹಾಕು!"

"ಆಗ್ಲಿ ಸಾರ್!"

ಆಮೇಲೆ ನೋಡಿ, ಒಂದು ಕಳ್ಳ ಮೇಲೂ ಒಳಗೆ ಬರ್ಲಿಲ್ಲ! ಷಡಕ್ಷರಪ್ಪನಿಗೆ ಖುಷಿಯೋ ಖುಷಿ. "ಅಭಿನಂದನೆ ಕೆಂಚ, ನಿನ್ನ ಕೆಲಸ ಖಾಯಂ" ಅಂತ ಅವನಿಗೇ ಮೇಲ್ ಕಳಿಸಿದ್ರು. ಕೆಂಚ ಎತ್ತಿ ಆಚೆ ಹಾಕ್ದ.

ಉತ್ತರಾನೇ ಬರ್ಲಿಲ್ವಲ್ಲ ಅಂತ ಯುಗಾದಿ ದಿನ ಷಡಕ್ಷರಪ್ಪನೇ ಸ್ವೀಟ್ ಡಬ್ಬ ಹಿಡ್ಕೊಂಡು ಮನೆಗೆ ಬಂದ್ರು. ಚೌಡಮ್ಮ ಒಳಗೆ ಹೋಳಿಗೆ ತಟ್ತಿದ್ಲು.

"ಅಭಿನಂದನೆ ಕಣೋ ಕೆಂಚ! ನಿನ್ನ ಅದೃಷ್ಟ..."

ಅಷ್ಟೇ! ಕೆಂಚ ಅವರ ಸೊಂಟ ಹಿಡಿದು ಎತ್ತಿ, ಬೀದೀಲಿಟ್ಟು, ಬಾಗಿಲು ಹಾಕ್ಕೊಂಡ.

ಚೌಡಮ್ಮ ಕಿಟಕೀಲಿ ಇಣುಕಿ ಚೀರಿದ್ಲು. "ಅಯ್ಯೋ ಪಾಪಿ! ಅವರು ನಿನ್ನ ಯಜಮಾನ್ರು ಕಣೋ!"

"ಗೊತ್ತು ಕಣವ್ವ! ಯಾರೇ ಆಗಿರ್ಲಿ ಅಂತ ಅವರೇ ಹೇಳವ್ರೆ!"

"ಕೆಲಸ ಖಾಯಂ ಕಣೋ ಪೆದ್ದೇ!" ಬೀದಿಯಿಂದ ಕೂಗು ಬಂತು.

"ಕೇಳ್ದೇನವ್ವ? ಇನ್ನೂ ಆಸೆ ತೋರಿಸ್ತಾವ್ನೆ ಕಳ್ಳ!" ಅಂದ ಕೆಂಚ ಇನ್ನೊಂದು ಚಿಲಕಾನೂ ಹಾಕ್ದ.