ಅಂಗಳದಲ್ಲಿ ಉಳಿದದ್ದು

"ಬೇಡದ್ದು ಯಾವುದು ಅಂತ ಮೂತ್ರಪಿಂಡಕ್ಕೆ ಹೇಗೆ ಗೊತ್ತಾಗುತ್ತೆ, ಸರ್?"

ಕೇಳಿದವಳು ದಾಕ್ಷಾಯಣಿ, ವೈದ್ಯಕೀಯ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿನಿ. ಉಳಿದವರೆಲ್ಲ ಊಟಕ್ಕೆ ಹೋಗಿದ್ದರು. ಅವಳೊಬ್ಬಳು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತಿದ್ದಳು. ಪಾಠ ಹೇಳುವ ಮುರಿಗೆಪ್ಪ ಮೇಷ್ಟ್ರು ಹೊರಡಲು ಎದ್ದವರು ಮತ್ತೆ ಕೂತರು. ಇದು ಪರೀಕ್ಷೆಗೆ ಬರುತ್ತದೆಯೇ ಎಂಬ ಒಂದೇ ಪ್ರಶ್ನೆ ಕೇಳಿ ಕೇಳಿ ಅವರಿಗೆ ತಲೆ ಚಿಟ್ಟು ಹಿಡಿದಿತ್ತು. ಇಂಥದ್ದೊಂದು ಪ್ರಶ್ನೆ ಬಂದರೆ ಅವರಿಗೆ ಹಸಿವೆಯೂ ನೆನಪಿರುತ್ತಿರಲಿಲ್ಲ.

"ಅದಕ್ಕೆ ಗೊತ್ತೇ ಆಗುವುದಿಲ್ಲಮ್ಮ," ಎಂದರು. "ಇನ್ನೊಮ್ಮೆ ನೋಡು. ಏನು ಕಾಣುತ್ತೆ?"

"ಸಣ್ಣ ರಕ್ತನಾಳಗಳ ಒಂದು ಗೊಂಚಲು. ಅದರ ಸುತ್ತ ಬಟ್ಟಲಿನ ಥರ ಪೊರೆ. ಪಕ್ಕದಲ್ಲೆಲ್ಲ ಕೊಳವೆಗಳನ್ನ ಅಡ್ಡ ಕೊಯ್ದ ಹಾಗೆ ಉಂಗುರಗಳು. ಕೆಲವು ಉಂಗುರಗಳ ಒಳಬದಿಯಲ್ಲಿ ಬ್ರಷ್ಷಿನ ಕೂದಲಿನಂಥದ್ದು."

"ಸರಿ. ರಕ್ತ ಆ ಗೊಂಚಲಿಗೆ ರಭಸದಿಂದ ನುಗ್ಗುತ್ತದೆ. ಅದರ ಗೋಡೆ ಸೋರುವ ಗೋಡೆ. ರಕ್ತಕಣಗಳು, ದೊಡ್ಡ ಪ್ರೋಟೀನುಗಳು ಒಳಗೇ ನಿಲ್ಲುತ್ತವೆ. ಮಿಕ್ಕದ್ದು, ಬೇಕಾದದ್ದೂ ಬೇಡದ್ದೂ ಒಟ್ಟಿಗೇ, ಬಟ್ಟಲಿಗೆ ಇಳಿಯುತ್ತದೆ. ಆರಿಸುವ ಕೆಲಸ ಅಲ್ಲಿಲ್ಲ. ಮುಂದೆ ಕೊಳವೆಯಲ್ಲಿ ಹರಿಯುವಾಗ ಆ ಬ್ರಷ್ಷಿನ ಜೀವಕೋಶಗಳು ಬೇಕಾದದ್ದನ್ನು ವಾಪಸು ಎಳೆದುಕೊಳ್ಳುತ್ತವೆ. ಹೆಚ್ಚುಕಡಿಮೆ ಎಲ್ಲವನ್ನೂ ಎಳೆದುಕೊಳ್ಳುತ್ತವೆ ಅನ್ನು. ಯಾರೂ ಎಳೆದುಕೊಳ್ಳದೆ ಉಳಿದದ್ದು ಕೆಳಗಿಳಿದು ಹೋಗುತ್ತದೆ. ಅದಕ್ಕೆ ನಾವು ಮೂತ್ರ ಅನ್ನುತ್ತೇವೆ. ಕೆಲವನ್ನು ಕೊಳವೆಯೇ ಕೈಯಾರೆ ಹೊರಕ್ಕೆ ನೂಕುವುದೂ ಉಂಟು, ಅದು ನಾಳೆಯ ಪಾಠ."

"ಇದೇನು ಸರ್, ಹುಚ್ಚು ಪದ್ಧತಿ! ಎಲ್ಲವನ್ನೂ ಹೊರಗೆ ಬಿಟ್ಟು ಮತ್ತೆ ಒಳಗೆ ತಗೊಳ್ಳೋ ಬದಲು ಬೇಡದ್ದನ್ನ ಮಾತ್ರ ಹೊರಗೆ ಹಾಕಬಹುದಿತ್ತಲ್ಲ."

"ಹಾಗೆ ಮಾಡಬೇಕಾದರೆ ಲೋಕದಲ್ಲಿರುವ ಬೇಡದ್ದೆಲ್ಲದರ ಗುರುತು ಅದಕ್ಕಿರಬೇಕು. ನಾಳೆ ಕಂಡುಕೇಳದ ವಿಷವೊಂದು ಬಂದರೆ ಏನು ಗತಿ? ತನಗೆ ಬೇಕಾದದ್ದರ ಗುರುತಿದ್ದರೆ ಸಾಕು ಅಂತ ಅದು ನೆಮ್ಮದಿಯಾಗಿದೆ. ಜಾಣ ಪದ್ಧತಿಯೇ. ಆದರೆ ಅದಕ್ಕೆ ಒಂದು ಅಪಾಯ ಅಂಟಿಕೊಂಡಿದೆ. ಕೇಳು."

ಮೇಷ್ಟ್ರು ಕತೆ ಹೇಳಿದರು.

ಒಬ್ಬ ಅರಳೆ ವ್ಯಾಪಾರಿಯಿದ್ದ. ಅವನ ಮನೆಯಲ್ಲಿ ಅವನ ಭಾವಮೈದ, ಅಂದರೆ ಹೆಂಡತಿಯ ತಮ್ಮನೂ ಇದ್ದ. ಅಕ್ಕ ಮದುವೆಯಾಗಿ ಬಂದಾಗ ಜೊತೆಗೆ ಬಂದವನು, ಮದುವೆಗಿದುವೆ ಇಲ್ಲದೆ ಅಲ್ಲೇ ಉಳಿದುಬಿಟ್ಟ. ನೀರು ಸೇದುತ್ತಿದ್ದ, ದೀಪ ಒರೆಸುತ್ತಿದ್ದ, ಬಂದವರನ್ನು ನಗಿಸಿ ಕಳಿಸುತ್ತಿದ್ದ. ಹೀಗಿರುವಾಗ ಅಕ್ಕ ತೀರಿಕೊಂಡಳು.

ಆಮೇಲೆ ಅವನನ್ನು ಯಾರೂ ಹೋಗು ಅನ್ನಲಿಲ್ಲ. ಇರು ಅಂತಲೂ ಅನ್ನಲಿಲ್ಲ. ತಟ್ಟೆ ಹಾಕುತ್ತಿದ್ದರು, ಉಣ್ಣುತ್ತಿದ್ದ. ಆದರೆ ಈಗ ತಾನು ಯಾರ ಕಡೆಯವನೆಂದು ಈ ಅನ್ನ ಉಣ್ಣುತ್ತಿದ್ದೇನೆ ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ಮನೆಯವರಲ್ಲಿ ಯಾರಾದರೂ ಬಾಯಿಬಿಟ್ಟು ಒಂದು ಮಾತು ಆಡಿದ್ದರೆ ಅವನಿಗೆ ಸಾಕಾಗಿತ್ತು. ತಾನಾಗಿ ಕೇಳಲು ನಾಚಿಕೆ. ಆ ತುಂಬಿದ ಮನೆಯಲ್ಲಿ ಅವನಷ್ಟು ಒಂಟಿಯಾದವನು ಇನ್ನೊಬ್ಬನಿರಲಿಲ್ಲ.

ಯುಗಾದಿಗೆ ಮುಂಚೆ ಸುಣ್ಣ ಬಳಿಯುವ ದಿನ ಬಂತು. ಆ ಮನೆಯವರು ಮೂಲೆಮೂಲೆಯಲ್ಲಿ ಕಸ ಆರಿಸುತ್ತ ಕೂರುವವರಲ್ಲ. ಇದ್ದ ಸಾಮಾನೆಲ್ಲ ಅಂಗಳಕ್ಕೆ ಬರಬೇಕು. ಗೋಡೆ ಒಣಗಿದ ಮೇಲೆ ಅಂಗಳದಲ್ಲಿ ನಿಂತವರು ಒಂದೊಂದನ್ನೇ ಎತ್ತಿ "ಇದು?" ಎಂದು ಕೇಳಬೇಕು. ಬಾಗಿಲಲ್ಲಿ ನಿಂತವರು "ಬೇಕು" ಅಂದರೆ ಅದು ಒಳಗೆ. ಹಬ್ಬದ ಹೊತ್ತಿನಲ್ಲಿ ಬೇಡ ಎಂಬ ಮಾತು ಬಾಯಲ್ಲಿ ಬರಬಾರದೆಂದು, ಬೇಡವಾದದ್ದಕ್ಕೆ "ಇರಲಿ ಬಿಡು" ಅನ್ನುತ್ತಿದ್ದರು. ಅಂದರೆ ಅಂಗಳದಲ್ಲೇ ಇರಲಿ. ಮರುದಿನ ಬೀದಿಯವರು ಯಾರು ಬೇಕಾದರೂ ಒಯ್ಯಬಹುದು.

ಬಾಗಿಲಲ್ಲಿ ನಿಂತು ಬೇಕು ಅನ್ನುವುದು ಅಕ್ಕನ ಕೆಲಸವಾಗಿತ್ತು. ಆ ವರ್ಷ ವ್ಯಾಪಾರಿಯೇ ನಿಂತ. ಭಾವಮೈದ ಅಂಗಳದಲ್ಲಿ ನಿಂತ.

ಕಡೆಗೋಲು ಎತ್ತಿದ. ಬೇಕು. ತೊಟ್ಟಿಲು ತೋರಿಸಿದ. ಬೇಕು. ತೂತು ಬಿದ್ದ ಕೊಡ. ಇರಲಿ ಬಿಡು. ಕಡ್ಡಿ ಮುರಿದ ಛತ್ರಿಯನ್ನು ಎತ್ತಿದರೆ ಅದೂ ಬೇಕಂತೆ! ಸೀಳಿದ ಮೊರ. ಇರಲಿ ಬಿಡು. ಅಕ್ಕನ ಕನ್ನಡಕ ಎತ್ತಿದಾಗ ಮಾತ್ರ ವ್ಯಾಪಾರಿ ಅಂಗಳಕ್ಕಿಳಿದು ಬಂದ. ಕೈ ಚಾಚಿ ತಾನೇ ಇಸಿದುಕೊಂಡ.

ಸಂಜೆಯ ಹೊತ್ತಿಗೆ ಅಂಗಳ ಬರಿದಾಯಿತು. ಒಡಕು ಸಾಮಾನಿನ ಒಂದು ಗುಡ್ಡೆ ಬಿದ್ದಿತ್ತು, ಅದರ ಪಕ್ಕದಲ್ಲಿ ಅವನಿದ್ದ.

ವ್ಯಾಪಾರಿಯ ಸೊಸೆ ಒಳಗಿನಿಂದ ಅವನನ್ನು ಕೂಗಿ ಕೇಳಿದಳು: "ಇನ್ನೇನಾದ್ರೂ ಉಳಿದಿದ್ಯಾ, ಮಾವ?"

ಅಕ್ಕ ಹೋದಂದಿನಿಂದ ತಡೆದುಕೊಂಡಿದ್ದ ಪ್ರಶ್ನೆ ಅವನಿಗೆ ಒಮ್ಮೆಲೇ ಬಾಯಿಗೆ ಬಂತು. ಅಳು ಬಂದೀತೆಂದು ಹೆದರಿ ಅದನ್ನು ತಮಾಷೆ ಮಾಡಿಕೊಂಡ. ತನ್ನ ಎದೆಯ ಮೇಲೆ ಕೈಯಿಟ್ಟು, ಬಾಗಿಲ ಕಡೆ ನೋಡಿ, "ಇದು?" ಎಂದ.

ಎಲ್ಲರೂ ನಕ್ಕರು. ವ್ಯಾಪಾರಿಯೂ ನಕ್ಕ. ಅವನಿಗೆ ಭಾವಮೈದನ ಮೇಲೆ ಪ್ರೀತಿಯಿತ್ತು, ಅದರಲ್ಲಿ ಎರಡು ಮಾತಿಲ್ಲ. ಈ ಮನುಷ್ಯ ಮನೆಯಲ್ಲೇ ಇರಲಿ, ಅದನ್ನೂ ಕೇಳಬೇಕೇ ಎಂದು ಅವನ ಮನಸ್ಸಿನಲ್ಲಿತ್ತು. ದಣಿದಿದ್ದ. "ಇರಲಿ ಬಿಡು," ಎಂದು ಹೇಳಿ ಒಳಗೆ ಹೋದ.

ಭಾವಮೈದ ನಗುತ್ತಲೇ ಅಂಗಳ ಗುಡಿಸಿದ. ಒಳಗೆ ಹೋಗುವುದಕ್ಕೆಂದು ಕಾಲು ತೊಳೆದುಕೊಂಡ. ಬಾಗಿಲ ಕಡೆ ಹೆಜ್ಜೆ ಇಟ್ಟವನು ನಿಂತುಬಿಟ್ಟ. ದಿನವಿಡೀ ಆ ಪ್ರಶ್ನೆ ಕೇಳಿದವನು ಅವನೇ, ಆ ಉತ್ತರ ಕೇಳಿಸಿಕೊಂಡವನೂ ಅವನೇ. ಅದರ ಅರ್ಥ ಅವನಿಗೆ ಇನ್ನೊಬ್ಬರು ಬಿಡಿಸಿ ಹೇಳಬೇಕಿರಲಿಲ್ಲ. ಬೀದಿಗಿಳಿದು ನಡೆದುಹೋದ.

ಊಟಕ್ಕೆ ತಟ್ಟೆ ಹಾಕಿ ಕರೆದಾಗಲೇ ಮನೆಯವರಿಗೆ ಗೊತ್ತಾದದ್ದು. ವ್ಯಾಪಾರಿ ಊರೆಲ್ಲ ಹುಡುಕಿದ. ನೆಂಟರ ಊರುಗಳಿಗೆ ಆಳು ಅಟ್ಟಿದ. ಎಲ್ಲೂ ಸುಳಿವಿಲ್ಲ. "ನಾನು ಅವನನ್ನು ಹೊರಗೆ ಹಾಕಲಿಲ್ಲ, ದೇವರಾಣೆ ಹಾಕಲಿಲ್ಲ" ಎಂದು ಬಂದವರೆದುರಿಗೆಲ್ಲ ಹೇಳಿಕೊಂಡು ಅಳುತ್ತಿದ್ದ. ಅವನು ಹೇಳುತ್ತಿದ್ದದ್ದು ನಿಜವೂ ಆಗಿತ್ತು.

ಮೇಷ್ಟ್ರು ಕತೆ ನಿಲ್ಲಿಸಿದರು. ದಾಕ್ಷಾಯಣಿಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಸಿಟ್ಟು ಮಾಡಬೇಕೆಂಬುದು ಮಾತ್ರ ಅವಳಿಗೆ ಸರಿಯಾಗಿ ತಿಳಿಯಲಿಲ್ಲ.

"ಆ ಮನೆಯಲ್ಲಿ ಅವರನ್ನ ಯಾರೂ ಬೇಡ ಅಂದಿರಲಿಲ್ಲವಲ್ಲ, ಸರ್. ಮತ್ತೆ ಅವರು ಹೇಗೆ ಬೇಡದವರಾದರು?"

ಮೇಷ್ಟ್ರು ಎದ್ದು ಸೂಕ್ಷ್ಮದರ್ಶಕದ ದೀಪ ಆರಿಸಿದರು.

"ಸಕ್ಕರೆಯನ್ನೂ ದೇಹ ಬೇಡ ಅನ್ನುವುದಿಲ್ಲಮ್ಮ, ಒಳಗೆಳೆದುಕೊಳ್ಳುವ ಕೈ ಸಾಲದೆ ಹೋದರೆ ಅದೂ ಮೂತ್ರದ ಜೊತೆಗೇ ಹೊರಟುಹೋಗುತ್ತದೆ."