ಗಾದಿಯವನ ಮನೆಯ ಸೀನು

“ಗುರುಗಳೇ, ಒಬ್ಬ ಮನುಷ್ಯ ಮಂಕಾಗಿ ಕೂತರೆ ಅದು ಅವನ ಸ್ವಭಾವವೋ ಒಳಗಿನ ಸಂಕಟವೋ ಎಂದು ತಿಳಿಯುವುದು ಹೇಗೆ?”

ಕೇಳಿದವನು ನಿರಂಜನ. ಮಠದ ದಾಸೋಹದಲ್ಲಿ ದಿನವೂ ಪಂಕ್ತಿಗೆ ಬಡಿಸುವ ಶಿಷ್ಯ.

“ಪ್ರಶ್ನೆ ದೊಡ್ಡದಾಗಿದೆ,” ಎಂದರು ಗುರುಗಳು. “ಅದರ ಹಿಂದೆ ಅಡಗಿರುವ ಮನುಷ್ಯ ಯಾರು?”

“ನನ್ನ ಕೋಣೆಯ ಪಂಚಾಕ್ಷರಿ. ಊರಿಗೆ ಹೋಗಿ ಬಂದು ಐದು ದಿನವಾಯಿತು, ಮಾತಿಲ್ಲ. ಹೋದ ವರ್ಷ ಊರಿನಿಂದ ಬಂದಾಗಲೂ ಹೀಗೇ ಇದ್ದ. ಒಂದು ವಾರಕ್ಕೆ ತಾನೇ ಸರಿಹೋದ. ಈ ಸಲವೂ ಅದೇ ಇರಬೇಕು ಎಂದುಕೊಂಡಿದ್ದೇನೆ. ಊಟಕ್ಕಂತೂ ತಪ್ಪದೆ ಬರುತ್ತಾನೆ.”

“ಅದೇ ಇರಬೇಕು ಎಂದುಕೊಂಡವನು ನನ್ನನ್ನೇಕೆ ಕೇಳುತ್ತಿದ್ದೀ?”

ಗುರುಗಳು ಅವನಿಗೆ ಕೂರಲು ಹೇಳಿ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಗಾದಿ ಹೊಲಿಯುವವನಿದ್ದ. ಮನೆಯ ಮುಂಭಾಗದಲ್ಲಿ ಅರಳೆ ಹಿಂಜುವ ಯಂತ್ರ, ಹಿಂಭಾಗದಲ್ಲಿ ಅಡುಗೆಮನೆ. ಮನೆಯಲ್ಲಿ ಅವನು, ಅವನ ಹೆಂಡತಿ, ಇಬ್ಬರೇ. ಮಕ್ಕಳಿರಲಿಲ್ಲ. ಪಕ್ಕದ ಮನೆಯಲ್ಲಿದ್ದ ಒಬ್ಬ ಮಾಸ್ತರರು ವರ್ಗವಾಗಿ ಹೋಗುವಾಗ ತಾವು ಸಾಕಿದ್ದ ಎರಡು ಗಿನಿಪಿಗ್‌ಗಳನ್ನು ಆ ಹೆಂಗಸಿನ ಮಡಿಲಿಗೆ ಹಾಕಿ ಹೋದರು. ನೀನು ನೋಡಿಲ್ಲದಿರಬಹುದು. ಕೆಲವರು ಗಿನಿ ಹಂದಿ ಎನ್ನುತ್ತಾರೆ, ಆದರೆ ಹಂದಿಗೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಎರಡೂ ಕೈಯ ಬೊಗಸೆಯಲ್ಲಿ ಹಿಡಿಸುವಷ್ಟು ಪ್ರಾಣಿ. ಬಾಲವಿಲ್ಲ. ಹುಲ್ಲು ಸೊಪ್ಪು ತಿಂದುಕೊಂಡಿರುತ್ತದೆ. ಇವುಗಳಲ್ಲಿ ಒಂದು ಬಿಳಿಯದು, ಒಂದು ಕಂದು.

ಆಕೆ ಕೊತ್ತಂಬರಿ ಕಟ್ಟು ಬಿಚ್ಚಿದ ಸದ್ದಾದರೆ ಸಾಕು, ಎರಡೂ ಗೂಡಿನೊಳಗಿಂದ ಸಿಳ್ಳೆ ಹೊಡೆದ ಹಾಗೆ ಕೂಗುತ್ತಿದ್ದವು. ಗಂಡ ಮಿತಭಾಷಿ. ಯಂತ್ರದ ಸದ್ದಿಗೆ ಮಿತಿಯಿಲ್ಲ, ಆದರೆ ಅದು ಮಾತಲ್ಲ. ಹಾಗಾಗಿ ಆ ಮನೆಯಲ್ಲಿ ಅವಳನ್ನು ಕರೆಯುತ್ತಿದ್ದವು ಅವೆರಡೇ. ಅವಳಿಗೆ ಅವುಗಳ ಮೇಲೆ ಜೀವ.

ಮೊದಲ ವರ್ಷ ಎರಡೂ ಸೀನತೊಡಗಿದವು. ಅವಳು ಹೆದರಿ ಗಂಡನನ್ನು ಕರೆದುಕೊಂಡು ಪಶುವೈದ್ಯೆಯ ಹತ್ತಿರ ಹೋದಳು. ವೈದ್ಯೆ ನೋಡಿದರು. ಮೂಗಿನಲ್ಲಿ ನೀರು, ಆದರೆ ತಿಳಿ ನೀರು. ಕಣ್ಣುಗಳು ಚೊಕ್ಕವಾಗಿದ್ದವು. ಉಸಿರು ಹಗುರವಾಗಿತ್ತು. ಸೊಪ್ಪು ತೋರಿಸಿದರೆ ಕೈಯಿಂದ ಕಿತ್ತುಕೊಂಡು ತಿಂದವು. ತೂಗಿದರು, ಬಿಳಿಯದು ಒಂಬೈನೂರು ಗ್ರಾಂ ಇತ್ತು.

“ಇದು ರೋಗವಲ್ಲ, ನಿಮ್ಮ ಅರಳೆಯ ಧೂಳು ಒಗ್ಗಿಲ್ಲ,” ಎಂದರು. “ಗೂಡನ್ನು ಒಳಗೆ ಇಡಿ. ಕೆಳಗೆ ಮರದ ಹೊಟ್ಟು ಬೇಡ, ಒಗೆದ ಬಟ್ಟೆ ಹಾಸಿ. ಒಣಹುಲ್ಲನ್ನು ಕೊಡವಿ ಕೊಡಿ. ಇನ್ನೊಂದು ಮಾತು. ನಿಮ್ಮ ಮನೆಯಲ್ಲಿ ತಕ್ಕಡಿ ಇದೆಯಲ್ಲ, ದಿನಾ ತೂಗುತ್ತಿರಿ.”

ಗಾದಿಯವನು ಹೇಳಿದ್ದನ್ನೆಲ್ಲ ಮಾಡಿದ. ಮೂರು ದಿನಕ್ಕೆ ಸೀನು ನಿಂತಿತು. ಒಂದು ವಾರ ತಪ್ಪದೆ ತೂಗಿದ. ಆಮೇಲೆ ಬಿಟ್ಟ. ಸೋಮಾರಿತನದಿಂದಲ್ಲ, ಹೆಮ್ಮೆಯಿಂದ. ಅರಳೆಯ ಮೂಟೆ ಎತ್ತಿದರೆ ಅದು ಎಷ್ಟು ಕಿಲೋ ಎಂದು ಬಾಯಲ್ಲೇ ಹೇಳುವವನು ಅವನು, ಮೂವತ್ತು ವರ್ಷದ ಕೈ. ಬೆಳಿಗ್ಗೆ ಎದ್ದು ಎರಡನ್ನೂ ಒಂದೊಂದು ಸಲ ಎತ್ತಿ, ‘ಇದ್ದಷ್ಟೇ ಇವೆ’ ಎಂದು ಇಳಿಸುತ್ತಿದ್ದ. ದಿನವೂ ಎತ್ತುವ ಕೈಗೆ ದಿನದ ಇಳಿಕೆ ತಿಳಿಯುವುದಿಲ್ಲ. ಅದು ಅವನಿಗೆ ಗೊತ್ತಿರಲಿಲ್ಲ.

ಮರುವರ್ಷ ಮದುವೆಯ ಕಾಲ ಬಂತು. ಮದುಮಕ್ಕಳಿಗೆಲ್ಲ ಹೊಸ ಗಾದಿಯಾಗಬೇಕು. ಹಗಲೆಲ್ಲ ಯಂತ್ರ ಓಡಿತು. ಆಗ ಬಿಳಿಯದು ಸೀನಿತು. ಗಾದಿಯವನು ಎದ್ದುಹೋಗಿ ಗೂಡನ್ನು ಅಡುಗೆಮನೆಯಿಂದ ಹಿತ್ತಲ ಪಡಸಾಲೆಗೆ ಸಾಗಿಸಿದ. ಬಟ್ಟೆ ಬದಲಿಸಿದ, ಹುಲ್ಲು ಕೊಡವಿದ. ಅವನು ಅಸಡ್ಡೆಯವನಲ್ಲ, ನಿರಂಜನ, ಅದನ್ನು ನೆನಪಿಡು. ಗೊತ್ತಿದ್ದ ಮದ್ದನ್ನೆಲ್ಲ ಮಾಡಿದ. ಗೊತ್ತಿದ್ದ ಕಾಯಿಲೆಗೆ ಮಾಡಿದ, ಅಷ್ಟೆ.

ಸೀನು ನಿಲ್ಲಲಿಲ್ಲ. ಮೂರನೆಯ ದಿನ ಹೆಂಡತಿ ಯಂತ್ರದ ಹತ್ತಿರ ಬಂದು ನಿಂತಳು.

“ಏನ್ರೀ, ಬಿಳೇದು ಇವತ್ತ ಕೂಗಲಿಲ್ಲ. ಕೊತ್ತಂಬರಿ ಬಿಚ್ಚಿದೆ, ಕಂದಂದು ಒಂದ ಕೂಗಿತು.”

“ಹುಲ್ಲಿನ ಮುಂದ ಕುಂತೈತಿ, ನಾ ಈಗ ನೋಡಿ ಬಂದೆ. ಧೂಳ ಅದು. ನಮ್ಮ ಮನ್ಯಾಗ ಸೀನದವರು ಯಾರದಾರ?”

ಆ ಮಾತು ಸುಳ್ಳಲ್ಲ. ಅವನ ಅಪ್ಪ ಸೀನುತ್ತಿದ್ದ, ಅಜ್ಜ ಸೀನುತ್ತಿದ್ದ. ಅರಳೆಯವರ ಮನೆಯಲ್ಲಿ ಸೀನು ಎಂದರೆ ಧೂಳು, ಅದಕ್ಕೆ ಬೇರೆ ಅರ್ಥ ಯಾರೂ ಹುಡುಕುವುದಿಲ್ಲ. ಹೋದ ಸಲ ವೈದ್ಯೆಯೂ ಅದನ್ನೇ ಹೇಳಿದ್ದರು. ಒಮ್ಮೆ ನಿಜವಾದ ಮಾತಿಗೆ ಎದುರಾಡುವುದು ಬಹಳ ಕಷ್ಟ. ಹೆಂಡತಿಗೆ ಸಮಾಧಾನವಾಗಲಿಲ್ಲ, ಆದರೂ ಸುಮ್ಮನೆ ಒಳಗೆ ಹೋದಳು.

ಐದನೆಯ ದಿನ ಬೆಳಿಗ್ಗೆ ಬಿಳಿಯದರ ಒಂದು ಕಣ್ಣು ಪಿಸುರಿನಿಂದ ಅಂಟಿಕೊಂಡಿತ್ತು. ಮೂಗಿನಲ್ಲಿ ಗಟ್ಟಿ ಸಿಂಬಳ. ಉಸಿರೆಳೆದಾಗಲೆಲ್ಲ ಪಕ್ಕೆಗಳು ಒಳಗೆ ಹೋಗುತ್ತಿದ್ದವು. ಅವಳು ಗಂಡನನ್ನು ಕೇಳಲಿಲ್ಲ. ಬುಟ್ಟಿಗೆ ಬಟ್ಟೆ ಹಾಸಿ ಎರಡನ್ನೂ ಇಟ್ಟುಕೊಂಡು ಹೊರಟಳು. ಅವನು ಯಂತ್ರ ನಿಲ್ಲಿಸಿ, ಮೈಮೇಲಿನ ಅರಳೆಯನ್ನೂ ಕೊಡವದೆ ಹಿಂದೆ ಓಡಿದ.

ವೈದ್ಯೆ ಬಿಳಿಯದನ್ನು ತಕ್ಕಡಿಯ ಮೇಲಿಟ್ಟರು. ಏಳುನೂರ ನಲವತ್ತು ಗ್ರಾಂ.

“ತಿನ್ನುತ್ತಿತ್ತಲ್ಲ ಡಾಕ್ಟ್ರೇ, ನಾನೇ ನೋಡೇನಿ,” ಎಂದ ಗಾದಿಯವನು.

ವೈದ್ಯೆ ಗದರಲಿಲ್ಲ. “ಇದು ಬೇರೆಯವರಿಗೆ ಆಹಾರವಾಗಿ ಹುಟ್ಟಿದ ಪ್ರಾಣಿ,” ಎಂದರು. “ಸೊರಗಿದ್ದು ಕಂಡರೆ ಹದ್ದು ಮೊದಲು ಅದನ್ನೇ ಎತ್ತುತ್ತದೆ. ಅದಕ್ಕೆ ಕಾಯಿಲೆಯನ್ನು ಬಚ್ಚಿಡುವುದು ಹುಟ್ಟುಗುಣ. ಹುಲ್ಲು ತಿನ್ನುತ್ತಿರುವ ಜೊತೆಯದರ ಪಕ್ಕದಲ್ಲಿ ಹೋಗಿ ಕೂರುತ್ತದೆ. ಹುಲ್ಲಿಗೆ ಬಾಯಿ ಇಡುತ್ತದೆ. ನುಂಗುವುದಿಲ್ಲ. ಧೂಳಾಗಿದ್ದರೆ ಸೀನುತ್ತಲೇ ತಿನ್ನುತ್ತಿತ್ತು, ಸೀನುತ್ತಲೇ ಕೂಗುತ್ತಿತ್ತು.”

ಆಮೇಲೆ ಕಂದು ಬಣ್ಣದ್ದನ್ನು ತೂಗಿದರು. ಅದು ಒಂದು ಸಲವೂ ಸೀನಿರಲಿಲ್ಲ. ಆದರೂ ಹೋದ ಸಲಕ್ಕಿಂತ ಐವತ್ತು ಗ್ರಾಂ ಕಡಿಮೆಯಾಗಿತ್ತು. ಸೋಂಕು ಅದಕ್ಕೂ ದಾಟಿತ್ತು. ಎರಡಕ್ಕೂ ಔಷಧಿ ಶುರುಮಾಡಿದರು. ಬಿಳಿಯದರ ಶ್ವಾಸಕೋಶದಲ್ಲಿ ಕಫ ತುಂಬಿಕೊಂಡಿತ್ತು. ಅದು ಅಲ್ಲೇ, ಆ ಹೆಂಗಸಿನ ಮಡಿಲಲ್ಲಿ, ಮಧ್ಯಾಹ್ನದ ಹೊತ್ತಿಗೆ ಸತ್ತಿತು.

ಗಾದಿಯವನು ಅತ್ತ. ಅವನು ಅಳುವುದನ್ನು ಹೆಂಡತಿ ನೋಡಿದ್ದು ಅದೇ ಮೊದಲು. ಹಿಂತಿರುಗುವ ದಾರಿಯಲ್ಲಿ, “ನೀ ಹೇಳಿದಾಗ ಕೇಳಬೇಕಿತ್ತು,” ಎಂದ. “ನಾನೂ ಒಂದ ಸಲ ಹೇಳಿ ಸುಮ್ಮನಾದೆ,” ಎಂದಳು ಅವಳು. ಒಬ್ಬರ ಮೇಲೊಬ್ಬರು ತಪ್ಪು ಹೊರಿಸಲಿಲ್ಲ. ಆ ಮನೆ ಉಳಿದದ್ದೇ ಅದರಿಂದ ಎಂದು ನನಗೆ ಅನಿಸುತ್ತದೆ.

ಕಂದು ಉಳಿಯಿತು. ಎರಡು ವಾರ ಔಷಧಿ ಹಾಕಿದರು, ಹುಲ್ಲನ್ನು ಅರೆದು ಬಾಯಿಗೆ ಬಿಟ್ಟರು. ಹದಿನಾರನೆಯ ದಿನ ಕೊತ್ತಂಬರಿ ಸದ್ದಿಗೆ ಅದು ಕೂಗಿದಾಗ ಗಾದಿಯವನು ಯಂತ್ರ ನಿಲ್ಲಿಸಿ ಕೇಳಿದನಂತೆ. ಅಂದಿನಿಂದ ಬೆಳಿಗ್ಗೆ ಅರಳೆಗಿಂತ ಮೊದಲು ಅವನ ತಕ್ಕಡಿಯಲ್ಲಿ ಕೂರುವುದು ಅದೇ. ಗಿರಾಕಿಗಳು ನಗುತ್ತಾರೆ. ಅವನು ತೂಕದ ಕಲ್ಲು ಸರಿಯಾಗಿದೆಯೇ ಎಂದು ಇನ್ನೊಮ್ಮೆ ನೋಡುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು.

ನಿರಂಜನ ಕೇಳಿದ. “ಹಾಗಾದರೆ ಪ್ರತಿ ಸೀನಿಗೂ ಹೆದರಬೇಕೇ ಗುರುಗಳೇ?”

“ಹೆದರಿದರೆ ಗಾದಿ ಹೊಲಿಯುವವರು ಯಾರು? ಮೊದಲ ಸಲ ಅದು ಧೂಳೇ ಆಗಿತ್ತಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ, ನಿಜ. ಹಾಗೆಂದು ಬೆಳ್ಳಗಿರುವುದೆಲ್ಲ ಸುಣ್ಣವೂ ಅಲ್ಲ. ಹೋದ ಸಲದ ಉತ್ತರ ಹೋದ ಸಲದ್ದು. ಈ ಸಲ ಮತ್ತೆ ತೂಗಬೇಕು.”

ನಿರಂಜನನ ಮುಖ ಹಗುರವಾಯಿತು. “ತೂಗಿದಂತೆಯೇ ಆಯಿತು ಬಿಡಿ. ಪಂಚಾಕ್ಷರಿ ಮಾತಾಡದಿದ್ದರೂ ಎರಡು ಹೊತ್ತೂ ಪಂಕ್ತಿಗೆ ಬರುತ್ತಾನೆ. ಅವನ ಎಲೆಗೆ ನಾನೇ ಕೈಯಾರೆ ಬಡಿಸುತ್ತೇನೆ.”

ಗುರುಗಳು ಮೆಲ್ಲಗೆ ಕೇಳಿದರು. “ಅವನು ಉಂಡದ್ದನ್ನು ನೋಡಿದ್ದೀಯೋ, ಎಲೆಯ ಮುಂದೆ ಕೂತದ್ದನ್ನು ನೋಡಿದ್ದೀಯೋ?”